ಬಿದ್ದು ಅದುರಿದ್ದೆಲ್ಲ ಫಿಟ್ಸ್ ಅಲ್ಲ: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಯಾರಾದರೂ ಎಚ್ಚರ ತಪ್ಪಿ ಬಿದ್ದು ಕೈಕಾಲು ಅದುರಿದರೆ ಸುತ್ತ ನಿಂತವರ ಬಾಯಿಂದ ಮೊದಲು ಹೊರಡುವ ಮಾತು ‘ಫಿಟ್ಸ್’. ಆ ಮಾತು ಆಸ್ಪತ್ರೆಯ ಚೀಟಿಗೆ ಏರುತ್ತದೆ, ಚೀಟಿಯಿಂದ ಮಾತ್ರೆ ಬರುತ್ತದೆ, ಮಾತ್ರೆ ವರ್ಷಗಟ್ಟಲೆ ನಡೆಯುತ್ತದೆ. ಕೊನೆಗೌಡನಾಗಿದ್ದವನು ಅಡಿಕೆ ಮರ ಹತ್ತುವುದನ್ನು ಬಿಡಬೇಕಾಗುತ್ತದೆ, ಹೆಣ್ಣುಮಗಳ ಮದುವೆಯ ಮಾತುಕತೆ ಮುರಿಯುತ್ತದೆ. ನಿಜವಾಗಿ ಅಪಸ್ಮಾರ ಇದ್ದವರಿಗೆ ಮಾತ್ರೆಯಿಂದ ಬದುಕು ಮರಳಿ ಸಿಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಪಸ್ಮಾರವೆಂದು ಚಿಕಿತ್ಸೆ ಪಡೆಯುತ್ತಿದ್ದವರನ್ನು ಬ್ರಿಟನ್‌ನಲ್ಲಿ ಮತ್ತೆ ಪರೀಕ್ಷಿಸಿದಾಗ ಸುಮಾರು ಐವರಲ್ಲಿ ಒಬ್ಬರಿಗೆ ಆ ಕಾಯಿಲೆಯೇ ಇರಲಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ. ತಜ್ಞರು ಹತ್ತಿರವಿರುವ ದೇಶದಲ್ಲೇ ಹೀಗಾದರೆ, ನರರೋಗ ತಜ್ಞರನ್ನು ಕಾಣಲು ಘಟ್ಟ ಇಳಿಯಬೇಕಾದ ಅಥವಾ ರಾತ್ರಿ ಬಸ್ ಹಿಡಿಯಬೇಕಾದ ನಮ್ಮ ಕಡೆ ತಪ್ಪು ಆಗುವುದು ಇನ್ನೂ ಸುಲಭ. ಆ ತಪ್ಪನ್ನು ತಡೆಯುವ ಶಕ್ತಿ ಯಂತ್ರಕ್ಕಿಂತ ಹೆಚ್ಚಾಗಿ ಕಣ್ಣಾರೆ ಕಂಡ ಮನೆಯವರ ಕೈಯಲ್ಲಿದೆ. ಈ ಉತ್ತರಗಳನ್ನು ಬರೆದಿರುವುದು ಅವರಿಗಾಗಿ.

ಫಿಟ್ಸ್ ಎಂದರೆ ನಿಜವಾಗಿ ಏನು?

ಮಿದುಳಿನ ನರಕೋಶಗಳು ಒಂದಕ್ಕೊಂದು ವಿದ್ಯುತ್ ಸಂಕೇತ ಕಳಿಸುತ್ತಲೇ ಇರುತ್ತವೆ. ಕೆಲವೊಮ್ಮೆ ಅವುಗಳ ದೊಡ್ಡ ಗುಂಪೊಂದು ಅಂಕೆ ತಪ್ಪಿ ಒಟ್ಟಿಗೇ ಸಂಕೇತ ಸಿಡಿಸುತ್ತದೆ. ಆಗ ಕಾಣುವುದೇ ಫಿಟ್ಸ್. ಅದು ಯಾವ ತತ್‌ಕ್ಷಣದ ಕಾರಣವೂ ಇಲ್ಲದೆ ಮತ್ತೆ ಮತ್ತೆ ಬರುವ ಸ್ವಭಾವವಿದ್ದರೆ ಅಪಸ್ಮಾರ ಎನ್ನುತ್ತಾರೆ. ಮಿದುಳಿಗೆ ರಕ್ತ ಸಾಲದೆ, ಸಕ್ಕರೆ ಸಾಲದೆ, ಆಮ್ಲಜನಕ ಸಾಲದೆ ಅಥವಾ ಮನಸ್ಸಿನ ಒತ್ತಡ ದೇಹದ ಮೂಲಕ ಹೊರಬಂದು ಕೈಕಾಲು ಅದುರಿದರೆ ಅದು ಬೇರೆ ವಿಷಯ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ, ತೊಡಕು ಶುರುವಾಗುವುದೇ ಅಲ್ಲಿ.

ಅಡಿಕೆ ಬೇಯಿಸುವ ಒಲೆಯ ಮುಂದೆ ನಿಂತಿದ್ದ ತಮ್ಮ ಇದ್ದಕ್ಕಿದ್ದಂತೆ ಕುಸಿದ. ಎರಡು ಮೂರು ಸಲ ಕೈಕಾಲು ಜಾಡಿಸಿದ. ಇದು ಫಿಟ್ಸ್ ಅಲ್ಲವೇ?

ಬಹುಶಃ ಅಲ್ಲ. ಬಿಸಿ, ಹೊಗೆ, ಖಾಲಿ ಹೊಟ್ಟೆ, ಗಂಟೆಗಟ್ಟಲೆ ನಿಂತಿರುವುದು ಇವೆಲ್ಲ ಸೇರಿದಾಗ ಕಾಲಿನ ರಕ್ತನಾಳಗಳು ಸಡಿಲಗೊಂಡು ರಕ್ತ ಕೆಳಗೇ ಉಳಿಯುತ್ತದೆ. ನಾಡಿ ನಿಧಾನವಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಮಿದುಳಿಗೆ ಕೆಲವು ಕ್ಷಣ ರಕ್ತ ಸಾಲುವುದಿಲ್ಲ. ಇದಕ್ಕೆ ವೈದ್ಯರು ಸಿಂಕೋಪ್ ಎನ್ನುತ್ತಾರೆ, ಮನೆಮಾತಿನಲ್ಲಿ ಬವಳಿ ಬಂದು ಬೀಳುವುದು. ಸಾಗರದ ಮಾರಿಕಾಂಬಾ ಜಾತ್ರೆಯ ಸಾಲಿನಲ್ಲಿ, ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ, ಉಪವಾಸದ ದಿನ ಪೂಜೆ ಮುಗಿಯುವ ಹೊತ್ತಿಗೆ, ರಕ್ತ ಪರೀಕ್ಷೆಯ ಸೂಜಿ ಕಂಡಾಗ, ರಾತ್ರಿ ಎದ್ದು ಮೂತ್ರಕ್ಕೆ ನಿಂತಾಗ ಆಗುವುದೂ ಇದೇ.

ಬವಳಿ ಬಂದವರು ಸುಮ್ಮನೆ ಒರಗುತ್ತಾರೆ, ಅದುರುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅದು ಸರಿಯಲ್ಲ. 1994ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಆರೋಗ್ಯವಂತರು ವೈದ್ಯರ ಕಣ್ಣೆದುರೇ ಪ್ರಜ್ಞೆ ತಪ್ಪುವಂತೆ ಮಾಡಿ ವಿಡಿಯೊ ತೆಗೆದರು. ಪೂರ್ತಿ ಪ್ರಜ್ಞೆ ತಪ್ಪಿದ ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ಕೈಕಾಲು ಅದುರಿತ್ತು. ಆದ್ದರಿಂದ ಅದುರಿದ್ದು ಒಂದೇ ಏನನ್ನೂ ಸಾಬೀತು ಮಾಡುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. ಬವಳಿ ಬಂದವರನ್ನು ನಾಲ್ಕು ಜನ ಸೇರಿ ಎತ್ತಿ ಕೂರಿಸುವುದು, ಬಸ್ಸಿನ ಸೀಟಿನಲ್ಲಿ ನೆಟ್ಟಗೆ ಹಿಡಿದು ನಿಲ್ಲಿಸುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಿದರೆ ಮಿದುಳಿಗೆ ರಕ್ತ ಏರುವುದೇ ಇಲ್ಲ, ಅದುರುವಿಕೆ ಜೋರಾಗುತ್ತದೆ, ‘ಫಿಟ್ಸ್’ ಎಂಬ ಅನುಮಾನ ಗಟ್ಟಿಯಾಗುತ್ತದೆ. ಅವರನ್ನು ನೆಲದಲ್ಲಿ ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿದರೆ ಸಾಕು, ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಕಣ್ಣು ಬಿಡುತ್ತಾರೆ.

ನೋಡಿದವರು ಯಾವುದನ್ನು ನೆನಪಿಟ್ಟುಕೊಳ್ಳಬೇಕು?

ಬೀಳುವ ಮುಂಚೆ ಏನಾಯಿತು ಎಂಬುದು ಅತಿ ಮುಖ್ಯ. ನಿಂತಿದ್ದರೇ, ಕುಳಿತಿದ್ದರೇ, ಮಲಗಿದ್ದರೇ? ಓಡುತ್ತಿದ್ದರೇ? ಹೊಟ್ಟೆ ತೊಳಸಿ, ಬೆವರಿ, ಕಿವಿ ಗುಂಯ್ ಎಂದು, ಕಣ್ಣಿಗೆ ಕತ್ತಲೆ ಕವಿಯಿತು ಎಂದರೆ ಅದು ಬವಳಿಯ ಕಡೆ ಬೆರಳು ತೋರುತ್ತದೆ. ಹೊಟ್ಟೆಯಿಂದ ಏನೋ ಮೇಲೇರಿದಂತೆ, ಇಲ್ಲದ ವಾಸನೆ ಬಂದಂತೆ, ಒಂದೇ ಕೈ ಮೊದಲು ಅದುರಿದಂತೆ ಅನಿಸಿದ್ದರೆ ಫಿಟ್ಸ್ ಕಡೆಗೆ.

ಬಿದ್ದಾಗ ಮುಖದ ಬಣ್ಣ ನೋಡಿ. ಬವಳಿಯಲ್ಲಿ ಮುಖ ಬಿಳಿಚಿಕೊಳ್ಳುತ್ತದೆ, ದೊಡ್ಡ ಫಿಟ್ಸ್‌ನಲ್ಲಿ ತುಟಿ ನೀಲಿಗಟ್ಟುತ್ತದೆ. ಬವಳಿಯ ಅದುರು ಕೆಲವೇ ಸೆಕೆಂಡು, ಅದರಲ್ಲಿ ತಾಳವಿರುವುದಿಲ್ಲ. ದೊಡ್ಡ ಫಿಟ್ಸ್‌ನಲ್ಲಿ ದೇಹ ಮೊದಲು ಸೆಟೆದು, ಆಮೇಲೆ ಒಂದೇ ಲಯದಲ್ಲಿ ಒಂದೆರಡು ನಿಮಿಷ ಜಾಡಿಸಿ, ಕ್ರಮೇಣ ನಿಧಾನವಾಗಿ ನಿಲ್ಲುತ್ತದೆ. ಕಣ್ಣು ಸಾಮಾನ್ಯವಾಗಿ ತೆರೆದೇ ಇರುತ್ತದೆ. ನಾಲಿಗೆಯ ಪಕ್ಕ ಕಚ್ಚಿದ ಗಾಯ ಫಿಟ್ಸ್‌ನ ಬಲವಾದ ಗುರುತು, ತುದಿಯಲ್ಲಿ ಕಚ್ಚಿದ್ದಕ್ಕೆ ಅಷ್ಟು ಅರ್ಥವಿಲ್ಲ. ಬಟ್ಟೆಯಲ್ಲಿ ಮೂತ್ರ ಹೋಗುವುದು ಎರಡರಲ್ಲೂ ಆಗುತ್ತದೆ, ಅದನ್ನು ಹಿಡಿದು ತೀರ್ಮಾನಿಸಬೇಡಿ.

ಎದ್ದ ಮೇಲೆ ಹೇಗಿದ್ದರು? ಬವಳಿಯಿಂದ ಎದ್ದವರು ಸುಸ್ತಾಗಿರಬಹುದು, ಆದರೆ ‘ನಾನು ಎಲ್ಲಿದ್ದೇನೆ, ಏನಾಯಿತು’ ಎಂದು ಒಂದು ನಿಮಿಷದೊಳಗೆ ಸರಿಯಾಗಿಯೇ ಕೇಳುತ್ತಾರೆ. ಫಿಟ್ಸ್ ಆದವರು ಹತ್ತು ನಿಮಿಷ, ಅರ್ಧ ಗಂಟೆ ಮಂಕಾಗಿ, ಮನೆಯವರ ಗುರುತೂ ಹತ್ತದೆ, ಗೊರಕೆ ಹೊಡೆದು ಮಲಗುತ್ತಾರೆ. ಮಾರನೆಯ ದಿನ ಮೈಯೆಲ್ಲ ನೋವು.

ಹಾಗಾದರೆ ಬವಳಿ ಎಂದು ಗೊತ್ತಾದರೆ ನೆಮ್ಮದಿಯಿಂದ ಇರಬಹುದೇ?

ಎಲ್ಲ ಸಲವೂ ಇಲ್ಲ. ನನಗೆ ಅತಿ ಹೆಚ್ಚು ಆತಂಕವಿರುವುದು ಈ ಪ್ರಶ್ನೆಯ ಬಗ್ಗೆ. ಹೃದಯದ ಬಡಿತದ ಲಯ ದಿಢೀರನೆ ಕೆಟ್ಟರೂ ಮಿದುಳಿಗೆ ರಕ್ತ ನಿಲ್ಲುತ್ತದೆ. ಆಗಲೂ ಮನುಷ್ಯ ಬೀಳುತ್ತಾನೆ, ಸೆಟೆಯುತ್ತಾನೆ, ಅದುರುತ್ತಾನೆ. ಅದನ್ನು ಫಿಟ್ಸ್ ಎಂದು ತಿಳಿದು ಮಾತ್ರೆ ಕೊಟ್ಟು ಕಳಿಸಿದರೆ ಮುಂದಿನ ಸಲ ಆತ ಏಳದೆ ಇರಬಹುದು.

ಇವು ಅಪಾಯದ ಗುರುತುಗಳು: ಆಟದ ಮೈದಾನದಲ್ಲಿ ಓಡುವಾಗ, ಹೊಳೆಯಲ್ಲಿ ಈಜುವಾಗ, ಗುಡ್ಡ ಹತ್ತುವಾಗ ಬೀಳುವುದು; ಪಟಾಕಿ, ಅಲಾರಂ, ಫೋನಿನ ಸದ್ದಿಗೆ ಬೆಚ್ಚಿದ ತಕ್ಷಣ ಬೀಳುವುದು; ಯಾವ ಮುನ್ಸೂಚನೆಯೂ ಇಲ್ಲದೆ ಕಡಿದು ಹಾಕಿದಂತೆ ಬೀಳುವುದು; ಬೀಳುವ ಮುಂಚೆ ಎದೆ ಬಡಬಡ ಹೊಡೆದುಕೊಳ್ಳುವುದು; ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ನಿದ್ದೆಯಲ್ಲೋ ನೀರಿನಲ್ಲೋ ಕಾರಣ ತಿಳಿಯದೆ ತೀರಿಕೊಂಡಿರುವುದು. ಲಾಂಗ್ ಕ್ಯೂಟಿ ಎಂಬ ಹುಟ್ಟಿನಿಂದ ಬರುವ ತೊಂದರೆಯಲ್ಲಿ ಹೃದಯ ಮುಂದಿನ ಬಡಿತಕ್ಕೆ ಸಜ್ಜಾಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅದರ ಒಂದು ಬಗೆ ಹುಟ್ಟುಕಿವುಡಿನ ಜೊತೆಗೇ ಬರುತ್ತದೆ, ತಂದೆ ತಾಯಿ ಇಬ್ಬರಿಂದಲೂ ದೋಷ ಇಳಿದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿ ಇರುವ ನಮ್ಮಲ್ಲಿ, ಕಿವಿ ಕೇಳದ ಮಗುವೊಂದು ಬಿದ್ದು ಅದುರಿದರೆ ಮೊದಲು ಹೃದಯ ನೋಡಬೇಕು.

ಇದಕ್ಕೆ ದೊಡ್ಡ ಯಂತ್ರ ಬೇಡ. ಹೃದಯದ ಬಡಿತವನ್ನು ಕಾಗದದ ಮೇಲೆ ಗೆರೆಗಳಾಗಿ ದಾಖಲಿಸುವ ಇಸಿಜಿ ತೆಗೆಯಲು ಐದು ನಿಮಿಷ, ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಮೊದಲ ಸಲ ಬಿದ್ದು ಅದುರಿದ ಯಾರಿಗೇ ಆಗಲಿ ಇಸಿಜಿ ಆಗದೆ ಫಿಟ್ಸ್ ಮಾತ್ರೆ ಶುರುವಾಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೀವೇ ಕೇಳಿ: ‘ಡಾಕ್ಟರೇ, ಇಸಿಜಿ ಒಂದು ನೋಡೋಣವೇ?’ ಯಾವ ವೈದ್ಯರೂ ಬೇಸರ ಮಾಡಿಕೊಳ್ಳುವುದಿಲ್ಲ.

ಬಚ್ಚಲಮನೆಯಲ್ಲೇ ಯಾಕೆ ಇಷ್ಟು ಜನ ಬೀಳುತ್ತಾರೆ?

ಮಲೆನಾಡಿನ ಮಳೆಗಾಲದಲ್ಲಿ ಹಂಡೆಯ ಸುಡುನೀರು ನಮಗೆ ಹಬ್ಬ. ಆದರೆ ಬಚ್ಚಲಲ್ಲಿ ಬೀಳಲು ಮೂರು ಬೇರೆ ಬೇರೆ ಕಾರಣಗಳಿವೆ, ಮೂರಕ್ಕೂ ದಾರಿ ಬೇರೆ.

ಮೊದಲನೆಯದು ಬವಳಿ. ಬಿಸಿನೀರಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಸ್ನಾನ ಮುಗಿಸಿ ಥಟ್ಟನೆ ಎದ್ದರೆ ಒತ್ತಡ ಇಳಿಯುತ್ತದೆ. ರಕ್ತದೊತ್ತಡದ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ತೆಗೆದುಕೊಳ್ಳುವ ಅಜ್ಜಂದಿರಲ್ಲಿ ಇದು ಹೆಚ್ಚು.

ಎರಡನೆಯದು ನಿಜವಾದ ಫಿಟ್ಸ್, ಅದೂ ನಮ್ಮ ರಾಜ್ಯದಲ್ಲಿ ವಿಶೇಷವಾಗಿ ಕಾಣುವಂಥದ್ದು. ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಮಾತ್ರ ಬರುವ ಅಪಸ್ಮಾರವನ್ನು ಕರ್ನಾಟಕದ ದಕ್ಷಿಣ ಜಿಲ್ಲೆಗಳಲ್ಲಿ ಬಹಳ ಕಾಲದಿಂದ ಗುರುತಿಸಲಾಗಿದೆ, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದರ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಮಗು ನೀರು ಸುರಿಯುತ್ತಿದ್ದಂತೆ ಶೂನ್ಯ ನೋಡುತ್ತದೆ, ಅರ್ಥವಿಲ್ಲದ ಮಾತಾಡುತ್ತದೆ, ಹೆದರುತ್ತದೆ. ಕೆಲವರಂತೂ ನಿಲ್ಲಿಸಲಾರದೆ ಚೆಂಬಿನ ಮೇಲೆ ಚೆಂಬು ಸುರಿದುಕೊಳ್ಳುತ್ತಾರೆ. ಇದನ್ನು ಮನೆಯವರು ಬವಳಿ ಎಂದೋ ಹಟ ಎಂದೋ ತಿಳಿಯುತ್ತಾರೆ. ನೀರಿನ ಬಿಸಿ ಇಳಿಸಿ, ತಲೆಗೆ ಒಮ್ಮೆಲೇ ಸುರಿಯದೆ ಬಟ್ಟೆಯಿಂದ ಒರೆಸಿಕೊಂಡರೆ ಹಲವರಿಗೆ ಅಷ್ಟರಲ್ಲೇ ನಿಲ್ಲುತ್ತದೆ, ಉಳಿದವರಿಗೆ ವೈದ್ಯರು ಮಾತ್ರೆ ಕೊಡುತ್ತಾರೆ.

ಮೂರನೆಯದು ಜೀವ ತೆಗೆಯುವಂಥದ್ದು. ಗಾಳಿಯಾಡದ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ, ಅಥವಾ ಮಳೆಗೆ ಕಿಟಕಿ ಮುಚ್ಚಿ ಒಳಗೇ ಸೌದೆ ಉರಿಸಿದರೆ, ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಆಮೇಲೆ ಎಚ್ಚರ ತಪ್ಪಿ ಸೆಳೆತ. ಬಾಗಿಲು ಒಡೆದು ಹೊರತಂದವರು ‘ಸ್ನಾನ ಮಾಡುವಾಗ ಫಿಟ್ಸ್ ಬಂತು’ ಎಂದುಬಿಟ್ಟರೆ ವೈದ್ಯರ ಯೋಚನೆಯೂ ಅತ್ತಲೇ ಹೋಗುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ: ವಿಷಾನಿಲ ಹಿಡಿದ ರಕ್ತವನ್ನೂ ಅದು ಆಮ್ಲಜನಕ ಇರುವ ರಕ್ತವೆಂದೇ ಓದಿ 98, 99 ತೋರಿಸುತ್ತದೆ. ಆದ್ದರಿಂದ ಬಚ್ಚಲೊಳಗೆ ಗೀಸರ್ ಇತ್ತು, ಒಲೆ ಉರಿಯುತ್ತಿತ್ತು ಎಂಬ ಒಂದು ಮಾತನ್ನು ಆಸ್ಪತ್ರೆಯಲ್ಲಿ ಮೊದಲು ಹೇಳಿ. ಮನೆಯಲ್ಲಿ ಇನ್ನೊಬ್ಬರಿಗೂ ಅದೇ ದಿನ ತಲೆನೋವು ಬಂದಿದ್ದರೆ ಅದನ್ನೂ ಹೇಳಿ. ಗೀಸರನ್ನು ಬಚ್ಚಲಿನ ಹೊರಗೋಡೆಗೆ ಹಾಕಿಸಿ.

ಮಗು ಅತ್ತು ಅತ್ತು ಉಸಿರು ಕಟ್ಟಿ ನೀಲಿಯಾಗುತ್ತದೆ, ಆಮೇಲೆ ಸೆಟೆಯುತ್ತದೆ. ಮಾತ್ರೆ ಬೇಕೇ?

ಆರು ತಿಂಗಳಿಂದ ಐದಾರು ವರ್ಷದವರೆಗಿನ ಮಕ್ಕಳಲ್ಲಿ ಇದು ಸಾಮಾನ್ಯ. ಬಿದ್ದ ನೋವಿಗೋ ಆಟಿಕೆ ಕಿತ್ತುಕೊಂಡ ಸಿಟ್ಟಿಗೋ ಜೋರಾಗಿ ಅತ್ತು, ಉಸಿರು ಬಿಟ್ಟಲ್ಲೇ ನಿಂತು, ನೀಲಿಗಟ್ಟಿ ಎಚ್ಚರ ತಪ್ಪುತ್ತದೆ. ಕೆಲವು ಮಕ್ಕಳು ಹೆದರಿದಾಗ ಅಳದೆಯೇ ಬಿಳಿಚಿಕೊಂಡು ಬೀಳುತ್ತಾರೆ. ಮಗು ಬೇಕೆಂದು ಮಾಡುವುದಲ್ಲ. ಅಳು ಮೊದಲು, ನೀಲಿ ಆಮೇಲೆ, ಸೆಟೆತ ಕೊನೆಗೆ. ಈ ಕ್ರಮವೇ ಕಾಯಿಲೆಯ ಹೆಸರು ಹೇಳುತ್ತದೆ. ಫಿಟ್ಸ್ ಮಾತ್ರೆಯಿಂದ ಪ್ರಯೋಜನವಿಲ್ಲ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ ಇರುವ ಮಕ್ಕಳಲ್ಲಿ ಇದು ಹೆಚ್ಚು, ಅದನ್ನು ಪರೀಕ್ಷಿಸಿ ಸರಿಪಡಿಸಿದರೆ ಹಲವರಲ್ಲಿ ಕಡಿಮೆಯಾಗುತ್ತದೆ. ಬಿಳಿಚಿ ಬೀಳುವ ಮಗುವಿಗೆ ಒಂದು ಇಸಿಜಿ ಆಗಲಿ.

ಕೂಸು ಆಗಾಗ ಬೆಚ್ಚಿ ಬೀಳುತ್ತದೆ. ಹೊಟ್ಟೆನೋವು, ದೃಷ್ಟಿ ಎಂದು ಅಜ್ಜಿ ಹೇಳುತ್ತಾರೆ.

ನಿದ್ದೆಯಲ್ಲಿ ಮಾತ್ರ ಅದುರಿ, ಎಚ್ಚರವಾದ ಕೂಡಲೇ ನಿಂತುಹೋದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹಾಲು ಕುಡಿದ ಮೇಲೆ ಬೆನ್ನು ಬಿಲ್ಲಾಗಿಸಿ ಕತ್ತು ತಿರುಚಿದರೆ ಹಾಲು ಮೇಲೆ ಬರುವ ತೊಂದರೆ ಇರಬಹುದು. ಆದರೆ ಮೂರು ತಿಂಗಳಿಂದ ಒಂದು ವರ್ಷದೊಳಗಿನ ಕೂಸು ನಿದ್ದೆಯಿಂದ ಎದ್ದ ಹೊತ್ತಿಗೆ ತಲೆ ಮುಂದಕ್ಕೆ ಬಾಗಿಸಿ, ಕೈಗಳನ್ನು ಥಟ್ಟನೆ ಚಾಚಿ, ಕೆಲವು ಸೆಕೆಂಡು ಬಿಟ್ಟು ಮತ್ತೆ ಹಾಗೇ, ಹೀಗೆ ಸಾಲು ಸಾಲಾಗಿ ಮಾಡಿದರೆ ಒಂದು ದಿನವೂ ಕಾಯಬೇಡಿ. ಇನ್‌ಫೆಂಟೈಲ್ ಸ್ಪಾಸಂ ಎಂಬ ಈ ಅಪಸ್ಮಾರವನ್ನು ಹೊಟ್ಟೆನೋವೆಂದು ತಿಳಿದು ವಾರಗಟ್ಟಲೆ ಬಿಟ್ಟರೆ ಬುದ್ಧಿ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ನಗುತ್ತಿದ್ದ ಕೂಸು ನಗು ಮರೆತಿದೆ ಎಂದು ತಾಯಿಗೆ ಅನಿಸಿದರೆ ಆ ಅನಿಸಿಕೆಯನ್ನು ನಂಬಿ. ದೃಷ್ಟಿ ತೆಗೆಯುವುದು ಮನೆಯ ಸಂಪ್ರದಾಯವಾದರೆ ತೆಗೆಯಿರಿ, ಅದೇ ಬೆಳಗ್ಗೆ ಮಕ್ಕಳ ವೈದ್ಯರ ಬಳಿಗೂ ಹೊರಡಿ.

ಜ್ವರ ಬಂದಾಗ ಫಿಟ್ಸ್ ಆದರೆ?

ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದ ಫಿಟ್ಸ್ ಆಗುತ್ತದೆ. ಅದು ಫಿಟ್ಸ್ ಹೌದು, ಅಪಸ್ಮಾರ ಅಲ್ಲ. ಬಹುಪಾಲು ಮಕ್ಕಳು ಬೆಳೆಯುತ್ತ ಅದರಿಂದ ಹೊರಬರುತ್ತಾರೆ, ವರ್ಷಗಟ್ಟಲೆ ಮಾತ್ರೆ ಬೇಕಾಗುವುದಿಲ್ಲ. ಕತ್ತು ಬಿಗಿದಿದ್ದರೆ, ಮಗು ಎಚ್ಚರಕ್ಕೇ ಬರದಿದ್ದರೆ, ಒಂದೇ ದಿನ ಮತ್ತೆ ಬಂದರೆ ಆಸ್ಪತ್ರೆಯಲ್ಲೇ ಉಳಿಯಬೇಕು.

ದೊಡ್ಡವರ ಜ್ವರದ ನಡುಕ ಬೇರೆ. ಮಲೇರಿಯ, ಗದ್ದೆ ಕೆಲಸದವರಿಗೆ ಬರುವ ಇಲಿಜ್ವರ ಇಂಥವುಗಳಲ್ಲಿ ಹಲ್ಲು ಕಟಕಟ ಕಡಿಯುವಷ್ಟು ನಡುಗುತ್ತಾರೆ. ಆದರೆ ಮಾತಾಡಿಸಿದರೆ ಉತ್ತರ ಕೊಡುತ್ತಾರೆ, ಎಚ್ಚರವಿರುತ್ತದೆ.

ನಮ್ಮ ಕಾಡಂಚಿನವರಿಗೆ ಇನ್ನೊಂದು ಎಚ್ಚರಿಕೆ. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನ ಕಡಿತದಿಂದ ಬರುವ ಆ ಜ್ವರ ಕೆಲವರಲ್ಲಿ ಒಮ್ಮೆ ಬಿಟ್ಟು, ಒಂದೆರಡು ವಾರದ ಮೇಲೆ ಮರಳಿ ಬಂದು ಮಿದುಳಿಗೆ ತಾಗುತ್ತದೆ: ಭಾರಿ ತಲೆನೋವು, ಗೊಂದಲ, ಕೈನಡುಕ, ಕೆಲವೊಮ್ಮೆ ಸೆಳೆತ. ಬೇಸಿಗೆಯಲ್ಲಿ ದರಗು ತರಲು, ಸೌದೆಗೆ ಕಾಡಿಗೆ ಹೋಗಿದ್ದವರು ಹೀಗಾದರೆ ಕಾಡಿಗೆ ಹೋಗಿದ್ದನ್ನು, ಹತ್ತಿರದಲ್ಲಿ ಮಂಗ ಸತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು.

ತರಗತಿಯಲ್ಲಿ ಮಗು ಆಗಾಗ ಎಲ್ಲೋ ನೋಡುತ್ತ ಕೂರುತ್ತದೆ ಎಂದು ಮೇಷ್ಟ್ರು ಹೇಳಿ ಕಳಿಸಿದ್ದಾರೆ.

ಹೆಸರು ಹಿಡಿದು ಕರೆದು ಭುಜ ಮುಟ್ಟಿದರೆ ಎಚ್ಚೆತ್ತರೆ ಅದು ಹಗಲುಗನಸು. ಮಾತಿನ ಮಧ್ಯೆ, ಊಟದ ಮಧ್ಯೆ ಕೂಡ ಥಟ್ಟನೆ ನಿಂತು, ಹತ್ತು ಹದಿನೈದು ಸೆಕೆಂಡು ಮುಟ್ಟಿದರೂ ತಿಳಿಯದೆ, ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಸಿದರೆ ಆಬ್ಸೆನ್ಸ್ ಎಂಬ ಅಪಸ್ಮಾರ ಇರಬಹುದು. ವೈದ್ಯರು ಮೂರು ನಿಮಿಷ ಜೋರಾಗಿ ಉಸಿರಾಡಿಸಿ ತಮ್ಮ ಕೋಣೆಯಲ್ಲೇ ಅದನ್ನು ತೋರಿಸಬಲ್ಲರು. ಮಗುವಿಗೆ ಗದರಿಕೆ ಬೇಡ.

ಸಕ್ಕರೆ ಕಾಯಿಲೆಯ ಮಾವ ಬೆಳಗಿನ ಜಾವ ಬೆವರಿ, ತೊದಲಿ, ಸೆಳೆತ ಬಂತು.

ಗ್ಲೂಕೋಮೀಟರ್ ಇದ್ದರೆ ತಕ್ಷಣ ನೋಡಿ. 70ಕ್ಕಿಂತ ಕೆಳಗಿದ್ದರೆ ಸಕ್ಕರೆ ಇಳಿದಿದೆ ಎಂದರ್ಥ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆ ತೆಗೆದುಕೊಂಡು ಊಟ ಬಿಟ್ಟವರಲ್ಲಿ ಇದು ಸಾಮಾನ್ಯ. ನುಂಗಲು ಎಚ್ಚರವಿದ್ದರೆ ಸಕ್ಕರೆ ನೀರು ಕೊಡಿ, ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ. ಸುಧಾರಿಸಿದರೂ ಅಷ್ಟಕ್ಕೇ ಬಿಡಬೇಡಿ, ಮಾತ್ರೆಯ ಪರಿಣಾಮದಿಂದ ಸಕ್ಕರೆ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವ ವಯಸ್ಸಾದವರಲ್ಲಿ ಸೋಡಿಯಂ ಇಳಿದೂ ಸೆಳೆತ ಬರುತ್ತದೆ, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ.

ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟ ಮೇಲೆ ಮಗಳ ಕತ್ತು ತಿರುಚಿಕೊಂಡು ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು.

ಮೆಟೊಕ್ಲೊಪ್ರಮೈಡ್ ಮುಂತಾದ ಔಷಧಿಗಳಿಂದ ಕೆಲವರಿಗೆ, ಹೆಚ್ಚಾಗಿ ಹದಿಹರೆಯದವರಿಗೆ, ಹೀಗಾಗುತ್ತದೆ. ಪೂರ್ತಿ ಎಚ್ಚರವಿರುತ್ತದೆ, ಅದಕ್ಕೇ ಮಗು ಅಷ್ಟು ಹೆದರುವುದು. ಇನ್ನೊಂದು ಚುಚ್ಚುಮದ್ದಿನಿಂದ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ಆ ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆಸಿಟ್ಟುಕೊಂಡು ಮುಂದೆ ಯಾವ ಆಸ್ಪತ್ರೆಗೆ ಹೋದರೂ ತೋರಿಸಿ.

ಕುಡಿತ ಬಿಟ್ಟ ಮಾರನೆಯ ದಿನ ಫಿಟ್ಸ್ ಬಂತು. ಬಿಟ್ಟಿದ್ದೇ ತಪ್ಪಾಯಿತೇ?

ಬಿಟ್ಟಿದ್ದು ತಪ್ಪಲ್ಲ, ವೈದ್ಯರ ನೆರವಿಲ್ಲದೆ ಒಮ್ಮೆಲೇ ಬಿಟ್ಟಿದ್ದು ಅಪಾಯ. ವರ್ಷಗಟ್ಟಲೆ ಕುಡಿದವರಿಗೆ ಕೊನೆಯ ಲೋಟದ ನಂತರ 6ರಿಂದ 48 ಗಂಟೆಗಳೊಳಗೆ ಸೆಳೆತ ಬರಬಹುದು. ಅದು ಅಪಸ್ಮಾರವಲ್ಲ. ಮೂರ್ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಿಡುವುದು ಸುರಕ್ಷಿತ.

ಎಲ್ಲ ಪರೀಕ್ಷೆಯೂ ಸರಿಯಿದೆ. ಆದರೂ ಸೊಸೆಗೆ ವಾರಕ್ಕೆರಡು ಸಲ ಬರುತ್ತದೆ. ಆಕೆ ನಾಟಕ ಮಾಡುತ್ತಿದ್ದಾಳೆಯೇ?

ಇಲ್ಲ. ಈ ಉತ್ತರವನ್ನು ಮನೆಯ ಹಿರಿಯರು ದಯವಿಟ್ಟು ಪೂರ್ತಿ ಓದಬೇಕು.

ಮನಸ್ಸಿನ ಮೇಲಿನ ಭಾರ, ಹಳೆಯ ಆಘಾತ, ಹೇಳಿಕೊಳ್ಳಲಾಗದ ಸಂಕಟ ಇವು ಕೆಲವರಲ್ಲಿ ದೇಹದ ಸೆಳೆತವಾಗಿ ಹೊರಬರುತ್ತವೆ. ಮಿದುಳಿನ ವಿದ್ಯುತ್ತಿನಲ್ಲಿ ಅಪಸ್ಮಾರದ ಏರುಪೇರು ಇರುವುದಿಲ್ಲ, ಆದರೆ ಸೆಳೆತ ನಿಜ, ಅದು ಅವರ ಹಿಡಿತದಲ್ಲಿ ಇಲ್ಲ ಎಂಬುದೂ ನಿಜ. ವೈದ್ಯರು ಇದನ್ನು ಫಂಕ್ಷನಲ್ ಸೀಜರ್ ಎನ್ನುತ್ತಾರೆ. ಮಾತ್ರೆಗೆ ಬಗ್ಗದ ಫಿಟ್ಸ್ ಎಂದು ದೊಡ್ಡ ಅಪಸ್ಮಾರ ಕೇಂದ್ರಗಳಿಗೆ ಬರುವವರಲ್ಲಿ ಐವರಲ್ಲಿ ಒಬ್ಬರಿಗಾದರೂ ಇದೇ ಇರುತ್ತದೆ. ಹೆಂಗಸರಲ್ಲಿ ಹೆಚ್ಚು, ಗಂಡಸರಲ್ಲೂ ಇದೆ.

ಸೆಳೆತ ಐದು, ಹತ್ತು, ಇಪ್ಪತ್ತು ನಿಮಿಷ ನಡೆಯುತ್ತದೆ. ನಡುನಡುವೆ ನಿಂತು ಮತ್ತೆ ಶುರುವಾಗುತ್ತದೆ. ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ. ತಲೆ ಅತ್ತಿತ್ತ ಆಡುತ್ತದೆ. ಕೊನೆಯಲ್ಲಿ ಅಳು ಬರಬಹುದು. ಆದರೆ ಇವನ್ನು ನೋಡಿ ಮನೆಯವರೇ ಹೆಸರಿಡಬೇಡಿ. ಮಿದುಳಿನ ಮುಂಭಾಗದಿಂದ ಹುಟ್ಟುವ ಅಪಸ್ಮಾರವೂ ವಿಚಿತ್ರವಾಗಿಯೇ ಕಾಣುತ್ತದೆ, ಕೆಲವರಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಖಚಿತವಾಗಬೇಕಾದರೆ ಸೆಳೆತ ಬಂದ ಹೊತ್ತಿನಲ್ಲೇ ವಿಡಿಯೊ ಮತ್ತು ಇಇಜಿ (ಮಿದುಳಿನ ವಿದ್ಯುತ್ ಸಂಕೇತಗಳ ದಾಖಲೆ) ಎರಡನ್ನೂ ಒಟ್ಟಿಗೆ ದಾಖಲಿಸಬೇಕು. ಅದಕ್ಕೆ ಒಂದೆರಡು ದಿನ ದಾಖಲಾಗಬೇಕಾಗಬಹುದು.

ಚಿಕಿತ್ಸೆ ಇದೆ. ಕಾಯಿಲೆಯನ್ನು ಗೌರವದಿಂದ ಬಿಡಿಸಿ ಹೇಳಿದಾಗಲೇ ಕೆಲವರಲ್ಲಿ ಸೆಳೆತ ಕಡಿಮೆಯಾಗುತ್ತದೆ, ಉಳಿದವರಿಗೆ ಮಾತಿನ ಚಿಕಿತ್ಸೆ ಫಲ ಕೊಡುತ್ತದೆ. ಈರುಳ್ಳಿ ಮೂಸಿಸುವುದು, ಕೆನ್ನೆಗೆ ಹೊಡೆಯುವುದು, ‘ಸಾಕು, ಏಳು’ ಎಂದು ಎಲ್ಲರೆದುರು ಗದರುವುದು ಹಿಂಸೆ. ಮನೆಯಲ್ಲಿ ಹೊಡೆತ ಬಡಿತ, ವರದಕ್ಷಿಣೆಯ ಕಿರಿಕಿರಿ ಇದ್ದರೆ ಅದು ನಿಲ್ಲದೆ ಸೆಳೆತ ನಿಲ್ಲಲಿ ಎಂದು ಬಯಸುವುದರಲ್ಲಿ ಅರ್ಥವಿಲ್ಲ. ತಜ್ಞರು ದೂರವಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಹಣವಿಲ್ಲ.

ಮೈಮೇಲೆ ದೇವರು ಬರುವುದು, ಗಾಳಿ ಸೋಕುವುದು ಇವೂ ಇದೇ ಏನು?

ಕೋಲಾಟದ ಲಯ, ವಾದ್ಯದ ಸದ್ದು, ಉಪವಾಸ, ಭಕ್ತಿ ಸೇರಿದಾಗ ಮನಸ್ಸು ಬೇರೆ ಸ್ಥಿತಿಗೆ ಜಾರುತ್ತದೆ. ದರ್ಶನದ ಪಾತ್ರಿಗೆ ಅದು ಅವನ ಆರಾಧನೆ, ಕಾಯಿಲೆ ಅಲ್ಲ. ಅದರಲ್ಲಿ ವೈದ್ಯರಿಗೆ ಕೆಲಸವಿಲ್ಲ. ಆದರೆ ಹೊತ್ತು ಗೊತ್ತಿಲ್ಲದೆ, ಒಬ್ಬರೇ ಇದ್ದಾಗ, ನಿದ್ದೆಯಲ್ಲಿ, ಗಾಯವಾಗುವಂತೆ ಬಂದರೆ ನಿಮಿತ್ತ ಕೇಳಿಸಿ, ತಾಯಿತ ಕಟ್ಟಿಸಿ ತಿಂಗಳು ಕಳೆಯಬೇಡಿ. ಚೌಡಿಗೆ ಹರಕೆ ಹೊತ್ತವರು ಆಸ್ಪತ್ರೆಗೆ ಹೋಗಬಾರದು ಎಂಬ ಕಟ್ಟಳೆ ಎಲ್ಲೂ ಇಲ್ಲ. ಹೊಗೆ ಹಾಕಿ ಉಸಿರುಗಟ್ಟಿಸುವುದು, ಬರೆ ಹಾಕುವುದು ಯಾವ ಹೆಸರಿನಲ್ಲೂ ಬೇಡ. ಕರ್ಪೂರವನ್ನು ಬಾಯಿಗೆ ಹಾಕುವುದಂತೂ ಬೇಡವೇ ಬೇಡ, ಚಿಕ್ಕ ಮಕ್ಕಳಿಗೆ ಸ್ವಲ್ಪ ಕರ್ಪೂರವೂ ನಿಜವಾದ ಫಿಟ್ಸ್ ತರಿಸುತ್ತದೆ. ನೀಲಗಿರಿ ಎಣ್ಣೆಯೂ ಹಾಗೆಯೇ.

ಇಇಜಿ ಸರಿಯಿದ್ದರೆ ಅಪಸ್ಮಾರ ಇಲ್ಲವೆಂದು ತಿಳಿಯಬಹುದೇ?

ಇಲ್ಲ. ಮಾಮೂಲಿ ಇಇಜಿ ಇಪ್ಪತ್ತು ಮೂವತ್ತು ನಿಮಿಷದ ದಾಖಲೆ. ಅಷ್ಟು ಹೊತ್ತು ರಸ್ತೆ ಬದಿ ನಿಂತು ಆನೆ ಕಾಣಲಿಲ್ಲವೆಂದರೆ ಕಾಡಿನಲ್ಲಿ ಆನೆಯೇ ಇಲ್ಲ ಎಂದಾಗುವುದಿಲ್ಲ. ಅಪಸ್ಮಾರ ಇರುವವರಲ್ಲಿ ಸರಿಸುಮಾರು ಅರ್ಧದಷ್ಟು ಜನರ ಮೊದಲ ಇಇಜಿ ಸರಿಯಾಗಿಯೇ ಇರುತ್ತದೆ. ಫಿಟ್ಸ್ ಎಂದೂ ಬಾರದ ಕೆಲವರ ಇಇಜಿಯಲ್ಲಿ ಏರುಪೇರು ಕಾಣುವುದೂ ಉಂಟು. ಬವಳಿ ಬಂದ ಹುಡುಗನ ಇಇಜಿಯ ಸಣ್ಣ ಏರುಪೇರನ್ನೇ ಹಿಡಿದು ಅಪಸ್ಮಾರವೆಂದುಬಿಡುವುದು ತಪ್ಪು ರೋಗನಿರ್ಣಯಕ್ಕೆ ಒಂದು ದೊಡ್ಡ ಕಾರಣ. ಕಂಡವರ ವಿವರಣೆಗೆ ಹೊಂದಿಸಿ ಓದಿದಾಗ ಮಾತ್ರ ಇಇಜಿಗೆ ಬೆಲೆ.

ಆ ಕ್ಷಣದಲ್ಲಿ ಏನು ಮಾಡಬೇಕು?

ಗಡಿಯಾರ ನೋಡಿ. ಒಲೆ, ಬಾವಿಕಟ್ಟೆ, ಕತ್ತಿಯಿಂದ ದೂರ ಸರಿಸಿ. ತಲೆಯ ಕೆಳಗೆ ಬಟ್ಟೆ ಇಡಿ. ಅದುರು ನಿಂತ ಮೇಲೆ ಒಂದು ಮಗ್ಗುಲಿಗೆ ತಿರುಗಿಸಿ. ಕೈಗೆ ಬೀಗದ ಕೈ, ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ. ಅದುರು ತಾನಾಗಿ ನಿಲ್ಲುವ ಹೊತ್ತಿಗೆ ಕಬ್ಬಿಣ ಸಿಕ್ಕಿರುತ್ತದೆ, ಅಷ್ಟೆ. ಹಲ್ಲಿನ ನಡುವೆ ಚಮಚ ತುರುಕಬೇಡಿ, ನೀರು ಹಾಕಬೇಡಿ. ಐದು ನಿಮಿಷ ದಾಟಿದರೆ, ಗರ್ಭಿಣಿಯಾಗಿದ್ದರೆ, ನೀರಿನಲ್ಲಿ ಆಗಿದ್ದರೆ 108ಕ್ಕೆ ಕರೆ ಮಾಡಿ. ಉಸಿರಾಟವೇ ಇಲ್ಲವೆಂದು ಕಂಡರೆ ಅದು ಹೃದಯ ನಿಂತಿರಬಹುದು, ಎದೆಯ ನಡುವೆ ಎರಡೂ ಕೈಯಿಂದ ಜೋರಾಗಿ ಒತ್ತಲು ತೊಡಗಿ.

ಇನ್ನೊಬ್ಬರು ಮೊಬೈಲ್‌ನಲ್ಲಿ ವಿಡಿಯೊ ಮಾಡಲಿ. ಇದರಲ್ಲಿ ನಾಚಿಕೆಯಿಲ್ಲ. ಮುಖ ಮತ್ತು ಇಡೀ ದೇಹ ಕಾಣಬೇಕು, ಕಣ್ಣು ತೆರೆದಿದೆಯೇ ತಿಳಿಯಬೇಕು, ಹೆಸರು ಕರೆದಾಗ ಏನಾಗುತ್ತದೆ ಎಂಬುದು ದಾಖಲಾಗಬೇಕು, ನಿಂತ ಮೇಲಿನ ಎರಡು ನಿಮಿಷವೂ ಬೇಕು. ಆ ವಿಡಿಯೊ ವೈದ್ಯರಿಗೆ ಮಾತ್ರ. ಊರಿನ ವಾಟ್ಸ್ಆಪ್ ಗುಂಪಿಗೆ ಹೋಗಕೂಡದು.

ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇದನ್ನು ಓದಿ ಅನುಮಾನ ಬಂತು. ಬಿಟ್ಟುಬಿಡಲೇ?

ಇವತ್ತೇ ಬಿಡಬೇಡಿ. ಅಪಸ್ಮಾರ ಇಲ್ಲದವರೂ ಕೆಲವು ಮಾತ್ರೆಗಳನ್ನು ದಿಢೀರನೆ ನಿಲ್ಲಿಸಿದರೆ ಸೆಳೆತ ಬರಬಹುದು. ‘ನನ್ನ ರೋಗನಿರ್ಣಯವನ್ನು ಮತ್ತೊಮ್ಮೆ ನೋಡಿ’ ಎಂದು ಕೇಳುವ ಹಕ್ಕು ನಿಮಗಿದೆ. ಎರಡು ಮಾತ್ರೆ ಸರಿಯಾಗಿ ತೆಗೆದುಕೊಂಡರೂ ನಿಲ್ಲದಿದ್ದರೆ, ಒಮ್ಮೆಯೂ ಇಸಿಜಿ ಆಗದಿದ್ದರೆ ತಡಮಾಡದೆ ಕೇಳಿ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳು ಸೋಡಿಯಂ ವಾಲ್ಪ್ರೋಯೇಟ್ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಬೇಗ ಕೇಳಬೇಕು: ಬಸಿರಿನಲ್ಲಿ ಅದನ್ನು ತೆಗೆದುಕೊಂಡರೆ ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಹುಟ್ಟಿನಿಂದಲೇ ಅಂಗದೋಷ ಬರುತ್ತದೆ. ಬೇರೆ ಮಾತ್ರೆಗಳಿವೆ, ಬಸಿರಾಗುವ ಮೊದಲೇ ಬದಲಿಸಬೇಕು.

ಮದುವೆಯ ಬಗ್ಗೆ ಕೇಳುವವರಿಗೂ ಇಲ್ಲೇ ಹೇಳುತ್ತೇನೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರವನ್ನು ಮದುವೆಗೆ ಅಡ್ಡಿಯೆಂದು ಬರೆದಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಲಾಗಿದೆ.

ಶಿವಮೊಗ್ಗದಲ್ಲಿ ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು?

ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆ: ಇಸಿಜಿ, ಸಕ್ಕರೆ, ಮಲಗಿದಾಗ ಮತ್ತು ನಿಂತಾಗಿನ ರಕ್ತದೊತ್ತಡ ಇವು ಅಲ್ಲೇ ಆಗುತ್ತವೆ. ಮುಂದಿನ ಹಂತ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ವಿಡಿಯೊ ಇಇಜಿ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಆಗುಂಬೆ ಘಟ್ಟ ಇಳಿದು ಮಣಿಪಾಲ.

ಕಣ್ಣಾರೆ ಕಂಡವರೇ ಜೊತೆಗೆ ಹೋಗಬೇಕು. ಕಂಡವರು ತೋಟದ ಕೆಲಸದಾಳಾದರೆ ಅವರನ್ನೇ ಕರೆದೊಯ್ಯಿರಿ, ಬರಲಾಗದಿದ್ದರೆ ವೈದ್ಯರ ಮುಂದೆ ಕೂತು ಫೋನ್ ಮಾಡಿ ಮಾತಾಡಿಸಿ. ಬಂದ ದಿನ, ಹೊತ್ತು, ಆಗ ಮಾಡುತ್ತಿದ್ದ ಕೆಲಸ, ಎಷ್ಟು ನಿಮಿಷ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ತಿನ್ನುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ನಾಟಿ ಔಷಧಿಯೂ ಸೇರಿ, ಚೀಲದಲ್ಲಿರಲಿ. ಹಳೆಯ ಇಸಿಜಿ ಪಟ್ಟಿ ಇದ್ದರೆ ಅದರ ಫೋಟೊ ಇವತ್ತೇ ತೆಗೆದಿಟ್ಟುಕೊಳ್ಳಿ, ಆ ಕಾಗದದ ಮೇಲಿನ ಗೆರೆಗಳು ಕಾಲ ಕಳೆದಂತೆ ಮಾಸಿಹೋಗುತ್ತವೆ.